ಬೀಗಿತ್ತಿಯ ಆನೆ ಡೆಕ್

ಸೊರಬ
೯ ಡಿಸೆಂಬರ್ ೨೦೨೪, ಸೋಮವಾರ

ಬೀಗಿತ್ತಿ ನೀಲಾಂಬಿಕ ಅವರಿಗೆ ಸರ್ವಮಂಗಳಳ ಶರಣು.

ನಿಮ್ಮ ಮಗಳು ಚೈತ್ರಶ್ರೀ, ನನ್ನ ಮಗ ರಾಜಕುಮಾರ್ ಇಬ್ಬರೂ ಚೆನ್ನಾಗಿದ್ದಾರೆ. ಅದನ್ನು ನೀವು ದಿನಾ ಫೋನಿನಲ್ಲಿ ಕೇಳುತ್ತೀರಿ, ಹಾಗಾಗಿ ಒಂದೇ ಸಾಲಿಗೆ ಮುಗಿಸಿದೆ. ಈ ಪತ್ರ ಬೇರೆ ವಿಷಯಕ್ಕೆ.

ನಿನ್ನೆ ಸಂಜೆಯ ನಮ್ಮಿಬ್ಬರ ಆಟವನ್ನೂ ನಾನೇ ಗೆದ್ದೆ. ಜುಲೈಯಿಂದ ಇಪ್ಪತ್ತೆರಡು ಭಾನುವಾರ, ಇಪ್ಪತ್ತೆರಡು ಗೆಲುವು. ನಿವೃತ್ತ ಮುಖ್ಯೋಪಾಧ್ಯಾಯಿನಿ ಮೊಬೈಲಿನಲ್ಲಿ ಎಲೆ ಆಡುತ್ತಾಳೆಂದು ಮೊದಮೊದಲು ನಗುತ್ತಿದ್ದ ನಮ್ಮ ಬೀದಿಯವರು ಈಗ ಸೋಮವಾರ ಬೆಳಿಗ್ಗೆ "ಮೇಡಂ, ನಿನ್ನೆ ಎಂತಾಯ್ತು?" ಎಂದು ತಾವೇ ಕೇಳುತ್ತಾರೆ. ನಾನೂ ಸಂಕೋಚವಿಲ್ಲದೆ ಹೇಳುತ್ತೇನೆ.

ಈಗ ಮುಖ್ಯ ಸಂಗತಿ. ನನ್ನ ಹಳೆಯ ವಿದ್ಯಾರ್ಥಿ ಹೇಮಂತ್ ಶಿವಮೊಗ್ಗದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಜನವರಿ ಐದಕ್ಕೆ ಅಲ್ಲಿ ನಮ್ಮ 'ಏಳು ಕೋಟೆ' ಆಟದ ಸ್ಪರ್ಧೆ ಮಾಡಿಸುತ್ತಿದ್ದಾನೆ. ನನ್ನ ಹೆಸರು ಬರೆಸಿದ್ದೇನೆ. ಆಟವೆಲ್ಲ ದೊಡ್ಡ ಪರದೆಯ ಮೇಲೆ ಕಾಣುತ್ತದಂತೆ. ನನ್ನ ಹತ್ತಿರ ಕಲಿತ ಮೂವತ್ತು ಜನ ನೋಡಲು ಬರುತ್ತಾರಂತೆ.

ಅಲ್ಲಿ ಆಡಲು ಒಂದೇ ಡೆಕ್ ಕಟ್ಟಬೇಕು, ಮೂವತ್ತು ಎಲೆಯ ಕಟ್ಟು ಅದು. ನಿಮಗೆ ಗೊತ್ತಿರುವಂತೆ ನನ್ನ ಹತ್ತಿರ ಅರ್ಧ ಆನೆಯ ಎಲೆಗಳಿವೆ, ಅರ್ಧ ಜೇನಿನವು. ಪೂರ್ತಿ ಆನೆ ಡೆಕ್ ಬೇಕೆಂದರೆ ಜೇನಿನ ಎಲೆಗಳನ್ನೆಲ್ಲ ಒಡೆದು ಚೂರು ಮಾಡಿ, ಆ ಚೂರುಗಳಿಂದ ಪಟ್ಟದಾನೆಯ ಎಲೆ ಪಡೆಯಬೇಕು. ಒಮ್ಮೆ ಒಡೆದ ಎಲೆ ವಾಪಸ್ ಬರುವುದಿಲ್ಲ. ನನ್ನ ಮನಸ್ಸಂತೂ ಆನೆಯ ಕಡೆಗಿದೆ. ನೀವೇನು ಹೇಳುತ್ತೀರಿ?

ಫೋನಿನಲ್ಲಿ ಕೇಳಿದರೆ ಎಲ್ಲದಕ್ಕೂ "ಹೂಂ ರೀ, ಹಂಗೇ ಮಾಡ್ರಿ" ಅನ್ನುತ್ತೀರಿ. ಮಾತಿನ ಹಿಂದೆ ನಿಮ್ಮ ಹಿಟ್ಟಿನ ಗಿರಣಿಯ ಸದ್ದು ಬೇರೆ. ಆದ್ದರಿಂದಲೇ ಕಾಗದ. ಬರೆಯಲು ಕೂತರೆ ಬರೀ ಹೂಂ ಎಂದು ಒಂದು ಪುಟ ತುಂಬಿಸಲು ಯಾರಿಗೂ ಆಗುವುದಿಲ್ಲ. ಬೆಳಗಿನ ಬಸ್ಸಿನ ಕಂಡಕ್ಟರ್ ಮಾಳೇಶನ ಕೈಯಲ್ಲಿ ಇದನ್ನೂ ಒಂದು ಡಬ್ಬ ಮಿಡಿ ಉಪ್ಪಿನಕಾಯಿಯನ್ನೂ ಕಳಿಸಿದ್ದೇನೆ.

ಸರ್ವಮಂಗಳ


ಶಿಕಾರಿಪುರ
೧೨ ಡಿಸೆಂಬರ್ ೨೦೨೪

ಪೂಜ್ಯ ಬೀಗಿತ್ತಿಯವರಿಗೆ ನೀಲಾಂಬಿಕಳ ಅನಂತ ಶರಣುಗಳು.

ಉಪ್ಪಿನಕಾಯಿ ಮುಟ್ಟಿತು. ಮನೆಯವರು ಮೊದಲ ದಿನವೇ ಕಾಲು ಡಬ್ಬ ಖಾಲಿ ಮಾಡಿದರು. ನನ್ನ ಅಕ್ಷರ ನೋಡಿ ನಗಬೇಡಿ. ಹತ್ತನೇ ತರಗತಿ ಮುಗಿದ ಮೇಲೆ ನಾನು ಬರೆದದ್ದೆಲ್ಲ ಗಿರಣಿಗೆ ಬರುವ ಡಬ್ಬಗಳ ಮೇಲಿನ ಹೆಸರುಗಳನ್ನೇ. ಕಾಗದದ ಮೇಲೆ ಬಿದ್ದಿರುವುದು ರಾಗಿ ಹಿಟ್ಟು, ಕೊಡವಿಕೊಳ್ಳಿ.

ನೀವು ಸ್ಪರ್ಧೆಗೆ ಹೊರಟದ್ದು ಕೇಳಿ ಸಂತೋಷವಾಯಿತು. ನಿಮ್ಮಂಥವರು ಹೋಗದೆ ಇನ್ಯಾರು ಹೋಗಬೇಕು. ಡೆಕ್ ವಿಚಾರದಲ್ಲಿ ನಿಮಗೆ ಹೇಳುವಷ್ಟು ದೊಡ್ಡವಳು ನಾನಲ್ಲ. ಆನೆ ಬಹಳ ಗಂಭೀರ. ಪಟ್ಟದಾನೆಯಂತೂ ನೋಡಲಿಕ್ಕೇ ಒಂದು ಕಳೆ. ಆದರೂ ಜೇನು ಕೂಡ ಚೆಂದವೇ ಅಲ್ಲವೇ. ಮೊದಲ ಸರದಿಯಿಂದಲೇ ಓಡಾಡುತ್ತಿರುತ್ತವೆ. ಆನೆ ಇಳಿಯಲು ಆರು ಸರದಿ ಕಾಯಬೇಕು. ಅಷ್ಟು ಹೊತ್ತು ನಾನಾದರೆ ಸುಮ್ಮನಿರುತ್ತೇನೆ, ಶಿವಮೊಗ್ಗದವರು ಸುಮ್ಮನಿರುತ್ತಾರೋ ಇಲ್ಲವೋ ಗೊತ್ತಿಲ್ಲ.

ಇದನ್ನು ಬರೆಯುವಾಗ ನಮ್ಮ ಮನೆಯವರು ಇಣುಕಿ ನೋಡಿ "ಗಂಡಿನ ಕಡೆಯೋರು ಆನೆ ಅಂದ್ರ ನೀನೂ ಆನೆ ಅನ್ನು, ಸುಮ್ನೆ ಯಾಕ ಜೇನು ಕೆದಕ್ತಿ" ಎಂದರು. ಹಾಗಾಗಿ ಇಲ್ಲಿಗೇ ನಿಲ್ಲಿಸಿದೆ. ನಿಮ್ಮ ಮನಸ್ಸಿಗೆ ಬಂದಂತೆ ಮಾಡಿ. ಶೇಂಗಾ ಚಟ್ನಿಪುಡಿ ಕಳಿಸಿದ್ದೇನೆ.

ನಿಮ್ಮ ವಿಧೇಯ
ನೀಲಾಂಬಿಕ


ಸೊರಬ
೧೬ ಡಿಸೆಂಬರ್ ೨೦೨೪

ಬೀಗಿತ್ತಿಯವರಿಗೆ ಶರಣು.

ನಿನ್ನೆಯದು ಇಪ್ಪತ್ತಮೂರನೆಯ ಗೆಲುವು. ಸೋತರೂ ನೀವು ಕೈಮುಗಿಯುವ ಚಿತ್ರ ಕಳಿಸುತ್ತೀರಲ್ಲ, ಆ ಗುಣ ನನ್ನ ಶಾಲೆಯ ಮಕ್ಕಳಿಗೆ ಕಲಿಸಲು ನನ್ನಿಂದ ಆಗಲೇ ಇಲ್ಲ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೂವತ್ನಾಲ್ಕು ವರ್ಷ ಉತ್ತರ ಪತ್ರಿಕೆ ತಿದ್ದಿದವಳು ನಾನು, ಸಾಲುಗಳ ಮಧ್ಯೆ ಇರುವುದೂ ಕಾಣುತ್ತದೆ. ನಿಮಗೆ ನನ್ನ ಆನೆ ಕಂಡರೆ ಭಯ. ಪಟ್ಟದಾನೆಯೂ ಸೇರಿಬಿಟ್ಟರೆ ಮುಂದಿನ ಭಾನುವಾರಗಳ ಗತಿಯೇನು ಎಂದು ಜೇನಿನ ಕಡೆ ತಿರುಗಿಸುತ್ತಿದ್ದೀರಿ. ನಿಜ ತಾನೇ? ಬೇಜಾರಿಲ್ಲ. ನಿಮ್ಮ ಜೊತೆ ಆಡುವಾಗ ಪಟ್ಟದಾನೆಯನ್ನು ಕಟ್ಟಿಹಾಕಿ ಇಡುತ್ತೇನೆ.

ಬರುವ ಭಾನುವಾರ, ಇಪ್ಪತ್ತೆರಡಕ್ಕೆ, ಜೇನುಗಳನ್ನು ಒಡೆಯುತ್ತೇನೆ. ಚೈತ್ರ "ಅತ್ತೆ, ಇನ್ನೊಂದ್ಸಲ ಯೋಚನೆ ಮಾಡಿ" ಅಂದಳು. ನಿಮ್ಮದೇ ಮಗಳು, ಧೈರ್ಯ ಸ್ವಲ್ಪ ಕಡಿಮೆ. ಜೂನಿನಲ್ಲಿ ಶಾಲೆಯ ಬೀಗದ ಕೈ ಒಪ್ಪಿಸಿ ಬಂದ ಮೇಲೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದೆಂದು ತೋಚದೆ ಅಂಗಳದಲ್ಲೇ ಸೀರೆ ಉಟ್ಟು ನಿಲ್ಲುತ್ತಿದ್ದೆ. ಈಗ ಹೋಗಲು ಒಂದು ಜಾಗ ಸಿಕ್ಕಿದೆ. ಪೂರ್ತಿ ಸಿದ್ಧವಾಗಿಯೇ ಹೋಗುತ್ತೇನೆ.

ಸರ್ವಮಂಗಳ


ಶಿಕಾರಿಪುರ
೧೮ ಡಿಸೆಂಬರ್ ೨೦೨೪

ಇದನ್ನು ಮಾಳೇಶನ ಕೈಗೆ ಕೊಡುವುದಿಲ್ಲ. ಬರೆದು ಅಕ್ಕಿ ಡಬ್ಬದ ಕೆಳಗೆ ಇಡುತ್ತೇನೆ. ಕರೆಂಟು ಹೋಗಿದೆ, ಗಿರಣಿ ನಿಂತಿದೆ, ಹೊಟ್ಟೆಯಲ್ಲಿರುವುದನ್ನು ಒಮ್ಮೆ ಬರೆದುಬಿಟ್ಟರೆ ಹಗುರಾಗುತ್ತದೆ.

ಬೀಗಿತ್ತಿಯವರೇ, ನೀವು ಇಪ್ಪತ್ತಮೂರು ಆಟದಲ್ಲಿ ಒಂದನ್ನೂ ಗೆದ್ದಿಲ್ಲ. ನಾನು ಸೋತಿದ್ದೇನೆ, ಅಷ್ಟೇ.

ಮೊದಲ ಆಟ ನೆನಪಿದೆಯೇ? ಮಕ್ಕಳ ಮದುವೆಯಾಗಿ ಎರಡು ತಿಂಗಳಿಗೆ ನಾನು ಸೊರಬಕ್ಕೆ ಬಂದಿದ್ದೆ. ಚೈತ್ರ ಇಬ್ಬರ ಫೋನಿಗೂ ಆಟ ಹಾಕಿಕೊಟ್ಟು ಪಕ್ಕಪಕ್ಕ ಕೂರಿಸಿದಳು. ನಿಮ್ಮ ಆನೆ ಬಂತು. ನನ್ನ ಕೈಯಲ್ಲಿ ಕಂದಕದ ಎಲೆ ಇತ್ತು. ಅದನ್ನು ಇಳಿಸಿದರೆ ಆನೆಗಳೆಲ್ಲ ಅದರೊಳಗೆ ಬಿದ್ದು ಆಟ ಅಲ್ಲಿಗೇ ಮುಗಿಯುತ್ತಿತ್ತು. ಆಗ ನಿಮ್ಮ ಮುಖ ನೋಡಿದೆ. ಚೈತ್ರ ಹೇಳಿದ್ದಳು, ಶಾಲೆ ಬಿಟ್ಟ ಮೇಲೆ ಅತ್ತೆ ನಕ್ಕಿದ್ದನ್ನೇ ನೋಡಿಲ್ಲ ಎಂದು. ಆನೆ ಬಂದದ್ದಕ್ಕೆ ನೀವು ನಗುತ್ತಿದ್ದಿರಿ. ಮೇಲಾಗಿ ನಾನು ಹೆಣ್ಣಿನ ಕಡೆಯವಳು. ಮದುವೆಮನೆಯಲ್ಲಿ ಪಂಕ್ತಿಗೆ ನಿಮ್ಮವರು ಕೂತ ಮೇಲೆ ನಾವು ಕೂತೆವು, ಬಾಳೆಲೆಗೆ ಮೊದಲು ಹೋಳಿಗೆ ಬಿದ್ದದ್ದು ನಿಮಗೇ. ಬಂದು ಕೂತ ಮನೆಯಲ್ಲೇ ನಿಮ್ಮನ್ನು ಹೇಗೆ ಸೋಲಿಸಲಿ? ಎಲೆಯನ್ನು ಕೈಯಲ್ಲೇ ಇಟ್ಟುಕೊಂಡೆ.

ಇನ್ನೊಂದು ವಿಷಯವೂ ನಿಮಗೆ ಗೊತ್ತಿಲ್ಲ. ಜೋಳ ಬೀಸುವಾಗ ನಾನು 'ಗಿರಣಿ' ಎಂಬ ಹೆಸರಿನಲ್ಲಿ ಬೇರೆಯವರ ಜೊತೆ ಆಡುತ್ತೇನೆ. ಆಟದಲ್ಲಿ ಎಲ್ಲಕ್ಕಿಂತ ಮೇಲಿನ ವಜ್ರದ ಮೆಟ್ಟಿಲಿನಲ್ಲಿದ್ದೇನೆ. ಅಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಕಂದಕ ಇರುತ್ತದೆ. ಜೇನುಗಳು ಅದರ ಮೇಲೆ ಹಾರಿ ಹೋಗುತ್ತವೆ, ಆನೆಗೆ ಆಗುವುದಿಲ್ಲ. ನೀವು ಆನೆ ಡೆಕ್ ಕಟ್ಟಿಕೊಂಡು ಶಿವಮೊಗ್ಗಕ್ಕೆ ಹೋದರೆ ಮೊದಲ ಸುತ್ತಿನಲ್ಲೇ, ಮೂವತ್ತು ವಿದ್ಯಾರ್ಥಿಗಳ ಎದುರಿಗೆ, ಅಷ್ಟು ದೊಡ್ಡ ಪರದೆಯ ಮೇಲೆ ಸೋಲುತ್ತೀರಿ. ಹೇಳದಿದ್ದರೆ ನಿಮ್ಮ ಮಾನ ಹೋಗುತ್ತದೆ. ಹೇಳಿದರೆ ನನ್ನ ಮಗಳು ಇರುವ ಮನೆಯಲ್ಲಿ ಏನಾಗುತ್ತದೋ ಗೊತ್ತಿಲ್ಲ. ನನಗೆ ನಿಜವಾಗಿ ಹೆದರಿಕೆಯಾಗಿದೆ.

ಕರೆಂಟು ಬಂತು.


ಶಿಕಾರಿಪುರ
೧೯ ಡಿಸೆಂಬರ್ ೨೦೨೪

ಪೂಜ್ಯ ಬೀಗಿತ್ತಿಯವರಿಗೆ ಶರಣು.

ಅವಸರದಲ್ಲಿ ನಾಲ್ಕು ಸಾಲು. ಈ ತಿಂಗಳ ಮೂವತ್ತಕ್ಕೆ ಎಳ್ಳಮಾವಾಸ್ಯೆ. ಅಮಾವಾಸ್ಯೆ ಹತ್ತಿರವಿರುವಾಗ ಇರುವುದನ್ನು ಒಡೆದು ಹೊಸದು ಮಾಡಬಾರದೆಂದು ನಮ್ಮ ಕಡೆ ಹಿರಿಯರು ಹೇಳುತ್ತಾರೆ. ದಯವಿಟ್ಟು ಮೂವತ್ತೊಂದರವರೆಗೆ ಜೇನುಗಳನ್ನು ಮುಟ್ಟಬೇಡಿ. ಇಷ್ಟು ದಿನ ನಾನು ನಿಮ್ಮನ್ನು ಏನೂ ಕೇಳಿಲ್ಲ, ಇದೊಂದನ್ನು ನಡೆಸಿಕೊಡಿ.

ನೀಲಾಂಬಿಕ


ಸೊರಬ
೨೩ ಡಿಸೆಂಬರ್ ೨೦೨೪

ಬೀಗಿತ್ತಿಯವರಿಗೆ ಶರಣು.

ನಿಮ್ಮ ಪತ್ರ ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಫೋನಿನೊಳಗೂ ಅಮಾವಾಸ್ಯೆ ಹೊಗುತ್ತದೆಯೇ? ಹಾಗಾದರೆ ಹುಣ್ಣಿಮೆಗೆ ಬ್ಯಾಟರಿ ಹೆಚ್ಚು ಬರಬೇಕಲ್ಲ. ಆದರೂ ನೀವು ಮೊದಲ ಸಲ ಬಾಯಿಬಿಟ್ಟು ಏನೋ ಕೇಳಿದ್ದೀರಿ. ಇಲ್ಲ ಎನ್ನಲಾಗಲಿಲ್ಲ. ಜೇನುಗಳು ಹಾಗೇ ಇವೆ, ಮೂವತ್ತೊಂದರ ಬೆಳಿಗ್ಗೆ ಒಡೆಯುತ್ತೇನೆ.

ನಿನ್ನೆಯದು ಇಪ್ಪತ್ತನಾಲ್ಕನೆಯದು, ಅಭಿನಂದನೆಗೆ ಧನ್ಯವಾದ. ಚೈತ್ರ ಹೊಸದೊಂದು ಗುಂಡಿ ತೋರಿಸಿಕೊಟ್ಟಳು. 'ಹಿಂದಿನ ಆಟ' ಎಂದು ಒತ್ತಿದರೆ ಆಡಿದ ಆಟವೆಲ್ಲ ಮೊದಲಿನಿಂದ ಕಾಣುತ್ತದೆ, ಇಬ್ಬರ ಕೈಯ ಎಲೆಗಳೂ ಕಾಣುತ್ತವೆ. ಸ್ಪರ್ಧೆಗೆ ಮುಂಚೆ ನನ್ನ ಗೆಲುವುಗಳನ್ನೆಲ್ಲ ಒಂದೊಂದಾಗಿ ನೋಡಿ ಅಭ್ಯಾಸ ಮಾಡುತ್ತೇನೆ. ಕೆಂಪು ಪೆನ್ನನ್ನೂ ಹುಡುಕಿ ತೆಗೆದಿದ್ದೇನೆ.

ಸರ್ವಮಂಗಳ


ಸೊರಬ
೨೬ ಡಿಸೆಂಬರ್ ೨೦೨೪

ಶ್ರೀಮತಿ ನೀಲಾಂಬಿಕ ಸದಾಶಿವಪ್ಪ ಅವರಿಗೆ,

ಇಪ್ಪತ್ತನಾಲ್ಕು ಪತ್ರಿಕೆಗಳನ್ನೂ ತಿದ್ದಿ ಮುಗಿಸಿದೆ. ಹತ್ತೊಂಬತ್ತರಲ್ಲಿ ನಿಮ್ಮ ಕೈಯಲ್ಲಿ ಕಂದಕದ ಎಲೆ ಇತ್ತು. ಉಳಿದ ಐದರಲ್ಲಿ ಅದಕ್ಕಿಂತ ಒಳ್ಳೆಯ ಎಲೆ ಇತ್ತು. ಒಂದು ಆಟದಲ್ಲಂತೂ ನಿಮ್ಮ ಕೋಟೆಯ ಬಾಗಿಲನ್ನು ನೀವೇ ತೆಗೆದು ನನ್ನ ಆನೆಯನ್ನು ಒಳಗೆ ಕರೆದಿದ್ದೀರಿ.

ಪಕ್ಕದವನ ಉತ್ತರ ನಕಲು ಮಾಡಿದ ಮಕ್ಕಳನ್ನು ನೂರಾರು ಸಲ ಹಿಡಿದಿದ್ದೇನೆ. ಗೊತ್ತಿದ್ದೂ ತಪ್ಪು ಉತ್ತರ ಬರೆದವರನ್ನು ಇದೇ ಮೊದಲು ಹಿಡಿದದ್ದು. ಬೀದಿ ತುಂಬ ಹೇಳಿಕೊಂಡು ಬಂದಿದ್ದೇನೆ. ಇವತ್ತು ಹಾಲಿಗೂ ಹೊರಗೆ ಹೋಗಲಿಲ್ಲ, ಚೈತ್ರಳನ್ನು ಕಳಿಸಿದೆ.

ಎರಡು ಪ್ರಶ್ನೆ ಕೇಳುತ್ತೇನೆ. ನೇರ ಉತ್ತರ ಬೇಕು. ನಾನು ಸೋತರೆ ನಿಮ್ಮ ಮಗಳನ್ನು ಗೋಳು ಹೊಯ್ದುಕೊಳ್ಳುವವಳು ಎಂದುಕೊಂಡಿರಾ? ಮತ್ತೆ, ನಿಮ್ಮನ್ನು ನಿಜವಾಗಿ ಸೋಲಿಸಬೇಕಾದರೆ ನಾನು ಯಾವ ಡೆಕ್ ಕಟ್ಟಬೇಕು?

ಸರ್ವಮಂಗಳ


ಶಿಕಾರಿಪುರ
೨೮ ಡಿಸೆಂಬರ್ ೨೦೨೪

ಬೀಗಿತ್ತಿಯವರಿಗೆ,

ಇದರ ಜೊತೆ ಹದಿನೆಂಟನೇ ತಾರೀಖು ಬರೆದು ಅಕ್ಕಿ ಡಬ್ಬದ ಕೆಳಗೆ ಇಟ್ಟಿದ್ದ ಕಾಗದವಿದೆ. ಮೊದಲು ಅದನ್ನು ಓದಿ. ಆಮೇಲೆ ಇದನ್ನು.

ಮೊದಲ ಪ್ರಶ್ನೆಗೆ, ಹೌದು. ಮೊದಮೊದಲು ಹಾಗೆಯೇ ಅಂದುಕೊಂಡಿದ್ದೆ. ನಿಮ್ಮ ಬಗ್ಗೆ ಗೊತ್ತಿರಲಿಲ್ಲ, ಹೆಡ್ ಮೇಡಂ ಎಂದರೆ ಕೋಪ ಜಾಸ್ತಿ ಎಂದು ಯಾರೋ ಹೇಳಿದ್ದರು. ಗೌರಿಹಬ್ಬಕ್ಕೆ ಚೈತ್ರಳಿಗೆ ಜ್ವರ ಬಂದಾಗ ನೀವು ಮೂರು ದಿನ ಅವಳ ಮಂಚದ ಪಕ್ಕ ಚಾಪೆ ಹಾಕಿಕೊಂಡು ಮಲಗಿದ್ದಿರಿ ಎಂದು ಕೇಳಿದ ಮೇಲೆ ಹೆದರಿಕೆ ಹೋಯಿತು. ಸೋಲುವ ಅಭ್ಯಾಸ ಮಾತ್ರ ಉಳಿಯಿತು. ಡಬ್ಬದ ಕಾಗದದಲ್ಲಿರುವ ಹೆದರಿಕೆ ಬೇರೆ, ಇಷ್ಟು ದಿನ ಮುಚ್ಚಿಟ್ಟದ್ದು ತಿಳಿದರೆ ಏನಾದೀತೆಂದು. ಪ್ರತಿ ಭಾನುವಾರ ಇದೇ ಕೊನೆ ಅಂದುಕೊಳ್ಳುತ್ತಿದ್ದೆ, ನಿಮ್ಮ ಸಂಭ್ರಮ ನೋಡಿದರೆ ಮನಸ್ಸು ಬರುತ್ತಿರಲಿಲ್ಲ. ಅಮಾವಾಸ್ಯೆಯ ಮಾತೂ ಸುಳ್ಳೇ. ನಮ್ಮ ಕಡೆ ಯಾವ ಹಿರಿಯರೂ ಹಾಗೆ ಹೇಳಿಲ್ಲ. ತಪ್ಪಾಯಿತು.

ಎರಡನೆಯದಕ್ಕೆ ಉತ್ತರ ಜೇನು. ಆನೆಗಳನ್ನೇ ಒಡೆಯಿರಿ, ಒಂದನ್ನೂ ಉಳಿಸಬೇಡಿ. ಬಂದ ಚೂರಿನಲ್ಲಿ ರಾಣಿಜೇನಿನ ಎಲೆ ತೆಗೆದುಕೊಳ್ಳಿ. ಮೊದಲ ಮೂರು ಸರದಿ ಸಣ್ಣ ಜೇನುಗಳನ್ನು ಬಿಡಿ, ನಾಲ್ಕನೇ ಸರದಿಗೆ ರಾಣಿಯನ್ನು ಇಳಿಸಿ. ನಿಮಗೆ ಆನೆಯ ಮೇಲೆ ಎಷ್ಟು ಪ್ರೀತಿ ಎಂದು ನನಗೆ ಗೊತ್ತು. ಆದರೂ ಒಡೆಯಿರಿ. ನಿಮ್ಮ ಆನೆಗಳನ್ನು ಐದು ತಿಂಗಳು ಸಾಕಿದವಳು ನಾನು, ನಾನೇ ಹೇಳುತ್ತಿದ್ದೇನೆ.

ನೀಲಾಂಬಿಕ


ಶಿಕಾರಿಪುರ
೨ ಜನವರಿ ೨೦೨೫

ಬೀಗಿತ್ತಿಯವರಿಗೆ ಶರಣು.

ಭಾನುವಾರ ನೀವು ಆಟಕ್ಕೆ ಬರಲಿಲ್ಲ. ಪತ್ರವೂ ಇಲ್ಲ. ದಿನಾ ಬಸ್ಸಿನ ಹೊತ್ತಿಗೆ ಗಿರಣಿ ಬಿಟ್ಟು ರಸ್ತೆಗೆ ಬರುತ್ತೇನೆ. ಮಾಳೇಶ ದೂರದಿಂದಲೇ ಕೈ ಆಡಿಸಿ "ಇವತ್ತೂ ಏನಿಲ್ರೀ ಅಕ್ಕಾರೆ" ಅನ್ನುತ್ತಾನೆ. ಚೈತ್ರಳನ್ನು ಕೇಳಿದರೆ "ಅತ್ತೆ ದಿನವಿಡೀ ಫೋನ್ ಹಿಡ್ಕೊಂಡು ಕೂತಿದಾರೆ" ಎಂದಷ್ಟೇ ಹೇಳುತ್ತಾಳೆ. ಬೈಯುವುದಿದ್ದರೆ ಬೈದು ಬರೆಯಿರಿ. ಭಾನುವಾರದ ಸ್ಪರ್ಧೆಯಲ್ಲಿ ನಿಮಗೆ ಒಳ್ಳೆಯದಾಗಲಿ.

ನೀಲಾಂಬಿಕ


ಸೊರಬ
೬ ಜನವರಿ ೨೦೨೫

ನೀಲಾಂಬಿಕ,

ಬೈಯಬೇಕೆಂದೇ ಇದ್ದೆ. ಮೂರು ದಿನ ಬೈಗುಳ ಹುಡುಕಿದೆ, ಸರಿಯಾದದ್ದು ಸಿಗಲಿಲ್ಲ. ಅಷ್ಟರಲ್ಲಿ ಮೂವತ್ತೊಂದನೇ ತಾರೀಖು ಬಂತು. ಬೆಳಿಗ್ಗೆ ಸ್ನಾನ ಮಾಡಿ ಕೂತು ಆನೆಗಳನ್ನು ಒಂದೊಂದಾಗಿ ಒಡೆದೆ. ಕೊನೆಯ ಆನೆಗೆ ಕೈ ಬರಲಿಲ್ಲ, ಚೈತ್ರಳ ಕೈಯಲ್ಲಿ ಒತ್ತಿಸಿದೆ. ಆಮೇಲೆ ಐದು ದಿನ ಜೇನು ಬಿಡುವ ಅಭ್ಯಾಸ. ನಿಮಗೆ ಬರೆಯದಿದ್ದುದು ಸಿಟ್ಟಿಗೆ ಅರ್ಧ, ಪುರಸೊತ್ತಿಲ್ಲದ್ದಕ್ಕೆ ಅರ್ಧ.

ನಿನ್ನೆ ಶಿವಮೊಗ್ಗದಲ್ಲಿ ಮೂರು ಸುತ್ತು ಗೆದ್ದೆ. ನಾಲ್ಕನೆಯದರಲ್ಲಿ ಭದ್ರಾವತಿಯ ಕಾಲೇಜು ಹುಡುಗಿಯೊಬ್ಬಳು ನನ್ನನ್ನು ಸೋಲಿಸಿದಳು. ಸೋತು ಎದ್ದಾಗ ಹಿಂದಿನ ಸಾಲಿನಲ್ಲಿದ್ದ ನನ್ನ ಶಾಲೆಯ ಮಕ್ಕಳೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೇಮಂತ್ ಮೈಕಿನಲ್ಲಿ "ನಮ್ಮ ಮೇಡಂ ಈಗಲೂ ಯಾರ್ನೂ ಸುಲಭಕ್ಕೆ ಪಾಸ್ ಮಾಡಲ್ಲ" ಅಂದ. ಮೊದಲ ಸುತ್ತಿನಲ್ಲಿ ಒಬ್ಬ ಮೀಸೆಯ ಮಹಾಶಯ ಪೂರ್ತಿ ಆನೆ ಡೆಕ್ ತಂದಿದ್ದ. ಐದೇ ನಿಮಿಷ. ಆನೆಗಳೆಲ್ಲ ಕಂದಕಕ್ಕೆ ಬಿದ್ದವು, ಸಭೆಯೆಲ್ಲ ನಕ್ಕಿತು. ನೀವು ತಡೆಯದಿದ್ದರೆ ಆ ಕುರ್ಚಿಯಲ್ಲಿ ನಾನಿರುತ್ತಿದ್ದೆ. ನಿಮ್ಮ ಸುಳ್ಳು ಅಮಾವಾಸ್ಯೆ ನನ್ನನ್ನು ಉಳಿಸಿತು.

ಬೀದಿಯವರಿಗೆ ನಿಜ ಹೇಳಿದೆ. ಇಪ್ಪತ್ತನಾಲ್ಕು ಗೆಲುವು ಬೀಗಿತ್ತಿ ಕೊಟ್ಟದ್ದು, ಮೂರು ನಾನು ಗಳಿಸಿದ್ದು ಎಂದೆ. ಪಕ್ಕದ ಮನೆಯ ದೇವರಾಜ "ಹಂಗಾರೆ ಮೂರೇ ಗಟ್ಟಿ ಬಿಡಿ ಮೇಡಂ" ಅಂದ.

ಇನ್ನು ಮೇಲೆ ಪೂಜ್ಯ, ವಿಧೇಯ ಬೇಡ. ಅಕ್ಕ ಅನ್ನಿ ಸಾಕು. ಭಾನುವಾರ ನಾಲ್ಕು ಗಂಟೆಗೆ ಆಟ. ಕಂದಕ ಬಂದರೆ ಇಳಿಸಬೇಕು. 'ಹಿಂದಿನ ಆಟ' ತೆರೆದು ನೋಡುತ್ತೇನೆ. ಒಂದು ಎಲೆ ಬಚ್ಚಿಟ್ಟದ್ದು ಕಂಡರೂ ಉಪ್ಪಿನಕಾಯಿ ಬಂದ್.

ಸರ್ವಮಂಗಳ


ಶಿಕಾರಿಪುರ
೧೩ ಜನವರಿ ೨೦೨೫

ಸರ್ವಮಂಗಳಕ್ಕನಿಗೆ ಶರಣು.

ನಿನ್ನೆ ಗೆದ್ದೆ. ನಿಮ್ಮ ಕೋಟೆ ಬಿದ್ದ ಕೂಡಲೇ ಫೋನನ್ನು ಹಿಟ್ಟಿನ ಡಬ್ಬದೊಳಗೆ ಇಟ್ಟು ಮುಚ್ಚಳ ಹಾಕಿದೆ. ಹತ್ತು ನಿಮಿಷ ಬಿಟ್ಟು ತೆಗೆದರೆ ನೀವು ಕೈಮುಗಿಯುವ ಚಿತ್ರವನ್ನೂ ಒಂದು ಸಾಲನ್ನೂ ಕಳಿಸಿದ್ದಿರಿ. ನಮ್ಮ ಮನೆಯವರಿಗೆ ತೋರಿಸಿದೆ. "ಗಂಡಿನ ಕಡೆಯೋರನ್ನ ಸೋಲಿಸಿದ್ಯಾ? ಏನಂದ್ರು?" ಎಂದು ಗಾಬರಿಯಾದರು. "ಇನ್ನೊಂದು ವಾರ ತಡೀರಿ ಅಂದ್ರು" ಎಂದೆ.

ನಿಜ ಹೇಳಲೇ ಅಕ್ಕ, ನಿಮ್ಮ ಮೇಲೆ ಗೆದ್ದಾಗ ಆದ ಸಂತೋಷ ವಜ್ರದ ಮೆಟ್ಟಿಲು ಹತ್ತಿದಾಗಲೂ ಆಗಿರಲಿಲ್ಲ. ಸಂಕ್ರಾಂತಿಯ ಎಳ್ಳುಬೆಲ್ಲ ಕಳಿಸಿದ್ದೇನೆ. ಬೇಜಾರಿದ್ದರೆ ತಿಂದು ಮರೆಯಿರಿ.

ನೀಲಾಂಬಿಕ


ಶಿಕಾರಿಪುರ
೨೦ ಜನವರಿ ೨೦೨೫

ಸರ್ವಮಂಗಳಕ್ಕ,

ಶರಣು ಆಮೇಲೆ. ನಿನ್ನೆ ನೀವು ಆಡಿದ್ದು ಯಾವ ನ್ಯಾಯ? ರಾಣಿಜೇನನ್ನು ನಾಲ್ಕನೇ ಸರದಿಗೆ ಇಳಿಸಿ ಎಂದು ಬರೆದುಕೊಟ್ಟವಳು ನಾನು. ನಾಲ್ಕಾಯಿತು, ಐದಾಯಿತು, ಆರಾಯಿತು, ರಾಣಿಯ ಸುಳಿವೇ ಇಲ್ಲ. ನಿಮ್ಮ ಕೈಗೆ ಬಂದಿಲ್ಲವೆಂದು ನಂಬಿ ನಾನು ಬಾಗಿಲು ತೆರೆದು ನುಗ್ಗಿದರೆ ಏಳನೇ ಸರದಿಗೆ ತಂದು ಬಿಟ್ಟಿರಿ. ಇನ್ನೊಂದೇ ಸರದಿ ಸಿಕ್ಕಿದ್ದರೆ ಆಟ ನನ್ನದಾಗುತ್ತಿತ್ತು.

ಬೆಳಿಗ್ಗೆಯಿಂದ ಅದೇ ಆಟ ತಲೆಯೊಳಗೆ ತಿರುಗುತ್ತಿದೆ. ಉಚ್ಚಂಗಮ್ಮ ತಂದ ಜೋಳವನ್ನು ಇನ್ನೊಬ್ಬರ ಗೋಧಿಗೆ ಸುರಿದು ಬೈಸಿಕೊಂಡೆ. ಮನೆಯವರು "ಹೋಗ್ಲಿ ಬಿಡು, ಬೀಗರು ಗೆದ್ರ ಒಳ್ಳೇದೇ ಅಲ್ಲೇನು" ಅಂದರು. ಅವರ ಜೊತೆ ಮಾತು ಬಿಟ್ಟಿದ್ದೇನೆ. ಇಂಥ ಆಟ ನಿಮಗೆ ಯಾರು ಕಲಿಸಿದರು? ಭಾನುವಾರದವರೆಗೆ ಕಾಯಲು ನನ್ನಿಂದ ಆಗುವುದಿಲ್ಲ. ಬುಧವಾರ ಸಂಜೆ ಇನ್ನೊಂದು ಆಟ ಆಗಲೇಬೇಕು. ಚಟ್ನಿಪುಡಿ ಈ ಸಲ ಇಲ್ಲ.

ನೀಲಾಂಬಿಕ


ಸೊರಬ
೨೧ ಜನವರಿ ೨೦೨೫

ನೀಲಾ,

ಎಲೆ ಬಚ್ಚಿಡುವುದನ್ನು ಕಲಿಸಿದವಳು ನೀನೇ. ಇಪ್ಪತ್ತನಾಲ್ಕು ಆಟ ಕೂತು ನೋಡಿ ಕಲಿತೆ. ನೀನು ಸೋಲಲು ಬಚ್ಚಿಟ್ಟೆ, ನಾನು ಗೆಲ್ಲಲು ಬಚ್ಚಿಟ್ಟೆ.

ಭಾನುವಾರ ಗೆದ್ದ ಮೇಲೆ ಖುಷಿಯಾಗಲೇ ಇಲ್ಲ. ಇದನ್ನೂ ನೀನೇ ಕೊಟ್ಟೆಯೋ ಏನೋ ಎಂದು ಅನುಮಾನ. ಇವತ್ತು ಬೆಳಿಗ್ಗೆ ಕೆಂಪು ಪೆನ್ನು ತೆಗೆದು 'ಹಿಂದಿನ ಆಟ' ಒತ್ತಲು ಬೆರಳಿಟ್ಟಿದ್ದೆ. ಅಷ್ಟರಲ್ಲಿ ಮಾಳೇಶ ಬಂದು ನಿನ್ನ ಕಾಗದ ಕೊಟ್ಟ. "ಡಬ್ಬ ಎಲ್ಲಿ" ಎಂದೆ. "ಇಲ್ರೀ, ಅಕ್ಕಾರು ಸಿಟ್ಟಲ್ಲಿದ್ರು" ಅಂದ. ಓದಿದೆ. ಓದಿ ಅಂಗಳದಲ್ಲೇ ನಿಂತು ಜೋರಾಗಿ ನಕ್ಕೆ. ದೇವರಾಜ ಗೋಡೆಯಾಚೆಯಿಂದ ಇಣುಕಿ "ಎಂತಾಯ್ತು ಮೇಡಂ" ಎಂದ. "ನಾಲ್ಕನೇದೂ ಗಟ್ಟಿ" ಎಂದೆ.

ಬುಧವಾರ ಐದು ಗಂಟೆಗೆ ಆಟಕ್ಕೆ ಬಾ. ಉಪ್ಪಿನಕಾಯಿ ಕಳಿಸಿದ್ದೇನೆ. ಆಟವನ್ನು ತೆರೆದು ನೋಡಲಿಲ್ಲ, ನಿನ್ನ ಸಿಟ್ಟು ನೋಡಿದ ಮೇಲೆ ಅದರ ಅಗತ್ಯ ಬೀಳಲಿಲ್ಲ.

ನಿನ್ನ
ಸರ್ವಮಂಗಳಕ್ಕ